ಜಿಡ್ಡೇ ಗಾರೆ

ಕೈ ಬಿರಿಯುವುದು ನಮ್ಮ ಬೀದಿಯಲ್ಲಿ ಕಾಯಿಲೆಯ ಲೆಕ್ಕಕ್ಕೇ ಇಲ್ಲ. ಬಟ್ಟೆ ಒಗೆಯುವವಳ ಕೈ ಬಿರಿಯುತ್ತದೆ, ಪಾತ್ರೆ ತಿಕ್ಕುವವಳ ಕೈ ಬಿರಿಯುತ್ತದೆ, ಸಿಮೆಂಟು ಕಲಸುವವನ ಕೈಯಂತೂ ಹಳೇ ಗೋಡೆಯೇ ಸರಿ. ಬಿರಿದ ಕೈಗೆಂದು ಯಾರೂ ಡಾಕ್ಟರ ಬಳಿ ಹೋಗುವುದಿಲ್ಲ. ಉಪ್ಪು ತಾಗಿದಾಗ ‘ಸ್ಸ್’ ಎಂದು ಬಾಯಲ್ಲಿ ಗಾಳಿ ಎಳೆದುಕೊಂಡು ಮುಂದಿನ ಕೆಲಸ ನೋಡುತ್ತೇವೆ.

ಅಂದು ರಜೆ. ದೊಡ್ಡಕ್ಕನ ಮನೆಯಲ್ಲಿ ಮಧ್ಯಾಹ್ನ ಊಟದ ತಟ್ಟೆಗೆ ಕೈ ಇಟ್ಟ ಅವಳ ತಂಗಿ ‘ಸ್ಸ್’ ಎಂದಳು.

“ಬಿರಿದಿದ್ಯೇನೇ?” ಎಂದು ದೊಡ್ಡಕ್ಕ ಕೇಳಿದಳು.

“ಬಿರಿಯೋಕೆ ಇನ್ನೇನು ಉಳಿದಿದೆ ಅಕ್ಕ? ಗೆರೆಯಲ್ಲ ಇವು, ಕಾಲುವೆ.”

“ಸರಿಯಾಗಿ ತೊಳ್ಕೊಂಡಿಲ್ಲ ನೀನು. ಕೆಲಸದ ಜಿಡ್ಡು ಒಳಗೆ ಕೂತಿರುತ್ತೆ. ನಾಳೆ ಇನ್ನೊಂದು ಮುಚ್ಚಳ ಜಾಸ್ತಿ ಹಾಕ್ಕೋ.”

ಆ ಒಂದು ಮುಚ್ಚಳದ ಕಥೆಯೇ ಇದು.

ಅಕ್ಕ ತಂಗಿ ಇಬ್ಬರೂ ಕಾಲ್ಚೀಲದ ಕಾರ್ಖಾನೆಯ ಅದ್ದುವ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಅಕ್ಕನಿಗೆ ಅಲ್ಲಿ ಹನ್ನೊಂದು ವರ್ಷ, ತಂಗಿಗೆ ಎರಡು. ಆ ಕಾಲ್ಚೀಲ ನೀವೂ ಅಂಗಡಿಯಲ್ಲಿ ನೋಡಿರಬಹುದು. ಮೂರು ದಿನ ಹಾಕಿಕೊಂಡರೂ ನಾರುವುದಿಲ್ಲವಂತೆ. ಅದರ ಗುಟ್ಟು ಒಂದು ನೀಲಿ ಕ್ಯಾನಿನಲ್ಲಿ ಬರುತ್ತಿತ್ತು. ಒಳಗಿರುವುದು ಜೇನಿನ ಬಣ್ಣದ ನೀರು. ಶೆಡ್ಡಿನಲ್ಲಿ ಅದಕ್ಕೆ ಬೆಳ್ಳಿ ನೀರು ಎಂದು ಹೆಸರು. ತೊಟ್ಟಿಯ ನೀರಿಗೆ ಅದನ್ನು ಸುರಿದು, ಕಾಲ್ಚೀಲ ಅದ್ದಿ, ಕೈಯಲ್ಲೇ ಹಿಂಡಿ, ತಗಡಿನ ಪಾದಗಳಿಗೆ ತೊಡಿಸಿ ಒಣಗಿಸಬೇಕು. ಮೂವತ್ತು ಹೆಂಗಸರು, ಅರವತ್ತು ಬರಿಗೈ. ಮೂಲೆಯ ಪುಟ್ಟ ಕೋಣೆಯಲ್ಲಿ ಅದೇ ನೀರನ್ನು ಗನ್ನಿನಿಂದ ಮಂಜಿನಂತೆ ಸಿಂಪಡಿಸುವ ಕೆಲಸ. ಕಡೆಯ ನಾಲ್ಕು ವರ್ಷ ಅದನ್ನು ಮಾಡಿದವಳು ದೊಡ್ಡಕ್ಕ. ಆ ಕೋಣೆಯ ಫ್ಯಾನು ಕೆಟ್ಟು ನಿಂತು, ಅದರ ರೆಕ್ಕೆಯ ಮೇಲೆ ಜೇಡ ಮೂರು ತಲೆಮಾರು ಸಂಸಾರ ಮಾಡಿತ್ತು.

ಬೆಳ್ಳಿ ನೀರು ತಾಗಿದ ಕೈ ಸಂಜೆಗೆಲ್ಲ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಸಾದಾ ಸೋಪಿಗೆ ಜಗ್ಗುತ್ತಿರಲಿಲ್ಲ. ಆಗ ಉಪಾಯ ಹುಡುಕಿದವಳು ದೊಡ್ಡಕ್ಕನೇ. ಪಕ್ಕದ ಶೆಡ್ಡಿನಲ್ಲಿ ಡಬ್ಬಿಗಳ ಮೇಲೆ ಹೆಸರು ಅಚ್ಚು ಹಾಕುವವರು ಇಂಕು ಒರೆಸಲು ಥಿನ್ನರ್ ಇಟ್ಟುಕೊಂಡಿದ್ದರು. ಒಂದು ಮುಚ್ಚಳ ಥಿನ್ನರ್, ಒಂದು ಹಿಡಿ ಬಟ್ಟೆ ಸೋಪಿನ ಪುಡಿ, ಹರಿದ ಟವೆಲಿನ ತುಂಡು. ಗಸಗಸ ತಿಕ್ಕಿದರೆ ಕೈ ಹೂವಿನಂತೆ ಬೆಳ್ಳಗೆ. ಹೆಂಗಸರು ಅದಕ್ಕೆ ‘ದೊಡ್ಡಕ್ಕನ ತೊಳೆತ’ ಎಂದೇ ಹೆಸರಿಟ್ಟರು. ಸಂಜೆ ಐದಕ್ಕೆ ನಲ್ಲಿಯ ಮುಂದೆ ಸಾಲು. ಸಾಲಿನ ತಲೆಯಲ್ಲಿ ಬಾಟಲಿ ಹಿಡಿದು ದೊಡ್ಡಕ್ಕ.

“ಜಿಡ್ಡು ಉಳಿಸ್ಕೊಂಡು ಮನೆಗೆ ಹೋಗ್ಬೇಡ್ರೇ! ಚರ್ಮ ಕಿರ್ ಅನ್ನಬೇಕು, ಕಿರ್ ಅಂತ!”

ಸೋಮಾರಿಗಳಲ್ಲ ಆ ಹೆಂಗಸರು. ಅದೇ ಕೈಯಲ್ಲಿ ಮಕ್ಕಳ ತಲೆ ಸವರಬೇಕು, ಮನೆಯವರಿಗೆ ಬಡಿಸಬೇಕು, ಅದಕ್ಕೇ ಹಾಗೆ ತಿಕ್ಕಿದರು. ಜಿಡ್ಡೆಂದರೆ ಕೊಳಕು, ಜಿಡ್ಡೆಂದರೆ ದರಿದ್ರ ಎಂದು ಹುಟ್ಟಿದಾಗಿನಿಂದ ಕೇಳಿದವರು ಅವರು. ಸ್ವಚ್ಛವಾಗಿರಬೇಕೆಂಬ ಆಸೆಯೇ ಅವರಿಗೆ ಶತ್ರುವಾಯಿತು.

ದೊಡ್ಡಕ್ಕನ ಮುಖದ ಬಣ್ಣ ಬದಲಾದದ್ದು ಯಾವ ದಿನವೆಂದು ಯಾರಿಗೂ ತಿಳಿಯದು. ಒಲೆಯ ಬೂದಿಯ ಬಣ್ಣ ಮೊದಲು ಉಗುರಿನ ಬುಡಕ್ಕೆ ಬಂತು, ಆಮೇಲೆ ಒಸಡಿಗೆ, ಆಮೇಲೆ ಹಣೆ, ಕೆನ್ನೆ, ಮೂಗಿಗೆ. ನಲ್ಲಿಯ ಮೇಲಿದ್ದ ಕನ್ನಡಿಯಲ್ಲಿ ಹೆಂಗಸರು ಅವಳ ಮುಖ ನೋಡಿ, ತಮ್ಮ ಮುಖ ನೋಡಿಕೊಂಡು ಪಿಸುಗುಟ್ಟತೊಡಗಿದರು. ಒಂದು ಬೆಳಿಗ್ಗೆ ಕನ್ನಡಿಯೇ ಇರಲಿಲ್ಲ. ಎರಡು ಮೊಳೆ ಮಾತ್ರ ಉಳಿದಿದ್ದವು.

ತೆಗೆಸಿದವನು ಸೂಪರ್‌ವೈಜರ್. ಏನು ಕೇಳಿದರೂ “ಆಯ್ತಾಯ್ತು” ಎಂದು ಏನನ್ನೂ ಮಾಡದ ಆತನಿಗೆ ಹೆಂಗಸರು ಇಟ್ಟ ಹೆಸರೇ ಆಯ್ತಾಯ್ತು.

“ಕನ್ನಡಿ ಎಲ್ಲಿ ಸಾರ್?”

“ಒಡೆದಿತ್ತಮ್ಮ. ಹೊಸದು ತರಿಸೋಣ, ಆಯ್ತಾಯ್ತು.”

ದೊಡ್ಡಕ್ಕನ ಗಂಡ ಗಾರೆ ಮೇಸ್ತ್ರಿ. ಅವನದು ಬೇರೆಯೇ ಲೆಕ್ಕ. “ಬಿಸಿಲಲ್ಲಿ ನಿಲ್ಲೋನು ನಾನು, ಕಪ್ಪಾಗೋಳು ಇವಳು! ರಕ್ತ ಕಡಿಮೆ ಕಣೇ, ಬೇರೇನೂ ಇಲ್ಲ,” ಎಂದು ಟಾನಿಕ್ ಬಾಟಲಿ ತಂದುಕೊಟ್ಟ. ಬಾಟಲಿಗಳು ಖಾಲಿಯಾದವು. ಬೂದಿ ಬಣ್ಣ ಹಾಗೇ ಇತ್ತು. ಬೀದಿಯ ಮಕ್ಕಳು ‘ಬೂದಿಯಕ್ಕ’ ಎಂದು ಕರೆಯತೊಡಗಿದ ಮೇಲೆ ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನಡೆಯುವುದನ್ನು ಕಲಿತಳು.

ಬೀದಿಗೆ ಬರುವ ನರ್ಸಮ್ಮ ತಿಂಗಳ ಹಿಂದೆ ಮೇಸ್ತ್ರಿಯ ಬಿಪಿ ನೋಡಲು ಬಂದವಳು, ದೊಡ್ಡಕ್ಕನ ಸೆರಗು ಸರಿಸಿ ನೋಡಿ ಗಾಬರಿಯಾದಳು. ಇದು ಹೃದಯದ ತೊಂದರೆಯೇ ಎಂದುಕೊಂಡು, ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಬೆರಳಿಗೆ ಸಿಕ್ಕಿಸಿದಳು. ಅದರಲ್ಲಿ ತೊಂಬತ್ತೆಂಟು ತೋರಿಸಿತು.

“ಉಸಿರು ಚೆನ್ನಾಗೇ ಇದೆಯಲ್ಲ ಅಕ್ಕಾ. ಮತ್ತೆ ಈ ಬಣ್ಣ ಎಲ್ಲಿಂದ ಬಂತು?”

ಅವಳೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಕೊರಳ ಹತ್ತಿರದಿಂದ ಅಕ್ಕಿ ಕಾಳಿನಷ್ಟು ಚರ್ಮ ತೆಗೆದುಕೊಂಡರು. ಈ ರಜೆಯ ದಿನ, ತಂಗಿ ‘ಸ್ಸ್’ ಎಂದ ಆ ಹೊತ್ತಿಗೇ, ನರ್ಸಮ್ಮ ಅದರ ಕಾಗದ ಹಿಡಿದು ಬಾಗಿಲಿಗೆ ಬಂದಳು.

ಮೇಸ್ತ್ರಿ ಕರಣೆ ಹಿಡಿದು ಹಿತ್ತಲಲ್ಲಿ ಬಚ್ಚಲ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಊರಿಗೆಲ್ಲ ಗೋಡೆ ಕಟ್ಟುವವನ ಮನೆಯ ಗೋಡೆಯೇ ನೀರು ಕುಡಿದಿತ್ತು. ಇಟ್ಟಿಗೆಗಳ ನಡುವಿನ ಹಳೇ ಗಾರೆ ಪುಡಿಯಾಗಿ ಉದುರಿತ್ತು. ಮೂವರು ಹೆಂಗಸರೂ ಅಲ್ಲಿಗೇ ಬಂದರು.

“ಏನಮ್ಮ ನರ್ಸಮ್ಮ, ಏನು ಬಂದಿದೆ ಕಾಗದದಲ್ಲಿ? ರಕ್ತ ಕಡಿಮೆ ತಾನೆ?”

“ಬೆಳ್ಳಿ ಅಣ್ಣಾ. ಅಕ್ಕನ ಚರ್ಮದೊಳಗೆ ಬೆಳ್ಳಿ ಕೂತಿದೆ.”

ಮೇಸ್ತ್ರಿ ನಕ್ಕ. “ಇವಳನ್ನ ಕಟ್ಕೊಂಡಾಗ ಕಾಲುಂಗುರಕ್ಕೆ ಬೆಳ್ಳಿ ಹೊಂಚೋಕೆ ನಾನು ಪಟ್ಟ ಪಾಡು ನಂಗೇ ಗೊತ್ತು. ಈಗ ಮೈಯೆಲ್ಲ ಬೆಳ್ಳೀನಾ? ಕರಗಿಸಿ ಮಾರ್ಬೋದೇನಮ್ಮ?”

ನರ್ಸಮ್ಮ ಕಾಗದವನ್ನು ಅವನ ಮುಂದೆ ಹಿಡಿದಳು.

“ಅಲ್ಲ ಸಿಸ್ಟರ್,” ಎಂದಳು ತಂಗಿ, “ಬೆಳ್ಳಿ ಒಳ್ಳೇದಲ್ವಾ? ದುಡ್ಡಿರೋರು ಬೆಳ್ಳಿ ಲೋಟದಲ್ಲೇ ನೀರು ಕುಡೀತಾರೆ.”

“ಬೆಳ್ಳಗಿರೋದೆಲ್ಲ ಹಾಲಲ್ಲಮ್ಮ. ಲೋಟದ ಬೆಳ್ಳಿ ಗಟ್ಟಿ, ಲೋಟವಾಗೇ ಇರುತ್ತೆ. ನಿಮ್ಮ ಕ್ಯಾನಲ್ಲಿರೋದು ಬೆಳ್ಳಿಯ ಕಣ. ನ್ಯಾನೋ ಅಂತಾರೆ. ಆ ಕಣ ಒಂದು ಸಾಸಿವೆ ಕಾಳಿನಷ್ಟಿದೆ ಅಂದ್ಕೋ. ಆಗ ನಿನ್ನ ತಲೆಕೂದಲಿನ ಒಂದೆಳೆ ಈ ಮನೆಯಷ್ಟು ದಪ್ಪ ಆಗಿರುತ್ತೆ.”

“ಅಷ್ಟು ಸಣ್ಣದು ಏನು ಮಾಡುತ್ತೆ ಬಿಡಮ್ಮ,” ಎಂದ ಮೇಸ್ತ್ರಿ. “ಚರ್ಮ ಇಲ್ವಾ ಮೇಲೆ? ಅದೇನು ಜರಡಿನಾ?”

ನರ್ಸಮ್ಮ ಬಗ್ಗಿ ಬಚ್ಚಲ ಗೋಡೆಯ ಸಂದಿಗೆ ಬೆರಳಿಟ್ಟಳು. ಬೆರಳಿನ ಅರ್ಧ ಒಳಗೆ ಹೋಯಿತು.

“ಇಟ್ಟಿಗೆ ಗಟ್ಟಿಯಾಗೇ ಇದೆ. ಮತ್ತೆ ನೀರು ಹೇಗೆ ಇಳೀತು ಅಣ್ಣಾ?”

“ಇಟ್ಟಿಗೆಯಿಂದ ಯಾರಮ್ಮ ಇಳೀತು ಅಂದಿದ್ದು? ಗಾರೆ ಹೋಗಿದೆ. ಗಾರೆ ಹೋದ ಮೇಲೆ ಅದು ಗೋಡೆಯಲ್ಲ, ಇಟ್ಟಿಗೆ ಜೋಡಿಸಿಟ್ಟಂಗೆ ಅಷ್ಟೆ.”

“ಚರ್ಮವೂ ಹಾಗೇ. ಮೇಲ್ಪದರದಲ್ಲಿರೋದು ಸತ್ತ ಜೀವಕೋಶ, ಅದು ಇಟ್ಟಿಗೆ. ಅದರ ಸಂದೀಲಿ ತುಂಬಿರೋದು ಜಿಡ್ಡು, ಮೈಯೇ ಮಾಡ್ಕೊಂಡಿರೋ ಕೊಬ್ಬು. ಆ ಜಿಡ್ಡೇ ಗಾರೆ. ಅದು ಗಟ್ಟಿ ಇದ್ರೆ ಈ ಕಣ ಹೆಚ್ಚುಕಮ್ಮಿ ಎಲ್ಲಾ ಹೊರಗೇ ನಿಲ್ಲುತ್ತೆ. ಗಾಯ ಆದ ಚರ್ಮ, ಬಿರಿದ ಚರ್ಮ, ಜಿಡ್ಡು ತೆಗೆದ ಚರ್ಮ ಆದ್ರೆ ನುಗ್ಗುತ್ತೆ. ಕಣ ಕರಗ್ತಾ ಕರಗ್ತಾ ಬೆಳ್ಳಿ ಒಳಗಿಳಿಯುತ್ತೆ. ಅಕ್ಕಾ, ಕೈ ಯಾತರಲ್ಲಿ ತೊಳೀತಿದ್ರಿ ನೀವು?”

ದೊಡ್ಡಕ್ಕ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ತಂಗಿಯೇ ಹೇಳಿದಳು. “ಥಿನ್ನರಲ್ಲಿ ಸಿಸ್ಟರ್. ಕಿರ್ ಅನ್ನೋವರೆಗೂ.”

ಮೇಸ್ತ್ರಿಯ ಕೈಯಿಂದ ಕರಣೆ ಕೆಳಗಿಳಿಯಿತು. “ಬಣ್ಣದ ಕಲೆ ಬಿಡಿಸೋ ಥಿನ್ನರಾ? ಅದರಲ್ಲಿ ಕಬ್ಬಿಣದ ಬಾಗಿಲಿನ ಪೇಂಟೇ ಎದ್ದು ಬರುತ್ತಲ್ಲೇ!”

“ಕೈಯಿಂದಲೇ ಅಷ್ಟೂ ಹೋಯಿತು ಅನ್ನೋಕಾಗಲ್ಲ,” ಎಂದಳು ನರ್ಸಮ್ಮ. “ಗನ್ನಿನ ಮಂಜು ಉಸಿರಲ್ಲಿ ಹೋಗಿದೆ, ಅದೇ ದೊಡ್ಡ ದಾರಿ ಇರಬಹುದು. ಊಟದ ಜೊತೆ ಬಾಯಿಗೂ ಹೋಗಿದೆ. ಯಾವ ದಾರಿಯಲ್ಲಿ ಎಷ್ಟು ಅಂತ ಡಾಕ್ಟರಿಗೂ ಹೇಳೋಕೆ ಬರಲ್ಲ. ಆದ್ರೆ ಬಾಗಿಲು ತೆಗೆದಿಟ್ಟಿದ್ದಂತೂ ನಿಜ.”

“ಒಳಗೆ ಹೋಗಿ ಏನು ಮಾಡುತ್ತೆ ಅದು?” ಎಂದ ಮೇಸ್ತ್ರಿ.

“ಕಾಲ್ಚೀಲದಲ್ಲಿ ವಾಸನೆ ಹುಟ್ಟಿಸೋದು ಕ್ರಿಮಿ. ಅದರ ಮೈಸುತ್ತ ಜಿಡ್ಡಿನ ಒಂದು ಪೊರೆ ಇರುತ್ತೆ, ನೀರಿನ ಮೇಲೆ ಎಣ್ಣೆ ಹರಡಿದಂಗೆ, ತೆಳ್ಳಗೆ. ಬೆಳ್ಳಿ ಆ ಪೊರೆಗೆ ಅಂಟ್ಕೊಂಡು, ತೂತು ಮಾಡಿ ಕ್ರಿಮೀನ ಕೊಲ್ಲುತ್ತೆ. ನಮ್ಮ ಒಂದೊಂದು ಜೀವಕೋಶಕ್ಕೂ ಅಂಥದ್ದೇ ಪೊರೆ. ಇದು ಕ್ರಿಮಿ, ಇದು ದೊಡ್ಡಕ್ಕ ಅಂತ ಬೆಳ್ಳಿಗೆ ಗೊತ್ತಾಗುತ್ತಾ ಅಣ್ಣಾ?”

ಮೇಸ್ತ್ರಿ ಗೋಡೆಯ ಸಂದಿಗೆ ತಾನೂ ಬೆರಳಿಟ್ಟ. ಮೂವತ್ತು ವರ್ಷ ಊರಿನ ಸಂದುಗಳನ್ನೆಲ್ಲ ಮುಚ್ಚಿದ ಮನುಷ್ಯ. ಅವನಿಗೆ ಮತ್ತೆ ವಿವರಿಸಬೇಕಾಗಿರಲಿಲ್ಲ.

ದೊಡ್ಡಕ್ಕ ಆಗ ಬಾಯಿ ಬಿಟ್ಟಳು. “ಈಗ ತೊಳೆಯೋದು ಬಿಟ್ರೆ? ಎಣ್ಣೆ ಹಚ್ಚಿ, ಜಿಡ್ಡು ಮತ್ತೆ ತುಂಬಿದ್ರೆ? ಬಣ್ಣ ಹೋಗುತ್ತಾ ಸಿಸ್ಟರ್?”

ನರ್ಸಮ್ಮ ಕಾಗದ ಮಡಚಿದಳು. ಉತ್ತರ ಕೊಟ್ಟವನು ಮೇಸ್ತ್ರಿ, ತುಂಬ ಮೆಲ್ಲಗೆ.

“ನೀರಿಳಿದ ಗೋಡೆಗೆ ಎಷ್ಟು ಸುಣ್ಣ ಬಳಿದ್ರೂ ಕಲೆ ಎದ್ದೇ ಬರುತ್ತೆ ಕಣೇ.”

“ಮುಂದೆ ಇಳಿಯೋದನ್ನ ನಿಲ್ಲಿಸ್ಬೋದು ಅಕ್ಕಾ,” ಎಂದಳು ನರ್ಸಮ್ಮ. “ಇಳಿದಿರೋದನ್ನ ತೆಗೆಯೋ ಮಾತ್ರೆ ಇಲ್ಲ, ಮುಲಾಮು ಇಲ್ಲ.”

ದೊಡ್ಡಕ್ಕ ಅಳುತ್ತಾಳೆಂದು ಎಲ್ಲರೂ ಕಾದರು. ಅವಳು ಅಳಲಿಲ್ಲ. ತಂಗಿಯ ಕೈ ಎಳೆದು, ಬೆಳಕಿಗೆ ಹಿಡಿದು, ಉಗುರುಗಳನ್ನು ಒಂದೊಂದಾಗಿ ನೋಡಿದಳು. ಉಗುರಿನ ಬುಡದಲ್ಲಿ ಬಿಳಿಯ ಅರ್ಧಚಂದ್ರ ಇರುತ್ತದಲ್ಲ, ತಂಗಿಯ ಹೆಬ್ಬೆರಳಿನಲ್ಲಿ ಅದು ಮೋಡ ಕವಿದಂತೆ ಕಂಡಿತು.

“ಸಿಸ್ಟರ್, ಇದು?”

ನರ್ಸಮ್ಮ ಹೆಬ್ಬೆರಳನ್ನು ಒತ್ತಿ, ಬಿಟ್ಟು ನೋಡಿದಳು. “ಶುರು ಇರಬಹುದು. ನಾಳೆಯೇ ತೋರಿಸೋಣ.”

“ನಾನೇ ಕೊಟ್ಟೆ ಇವಳಿಗೆ ಬಾಟಲಿ,” ಎಂದಳು ದೊಡ್ಡಕ್ಕ. “ಇನ್ನೊಂದು ಮುಚ್ಚಳ ಹಾಕ್ಕೋ ಅಂದೆ. ಈಗ, ಊಟಕ್ಕೆ ಕೂತಾಗ ಅಂದೆ. ಮೂವತ್ತು ಜನಕ್ಕೆ ಕಲಿಸಿದೀನಿ ನಾನು.”

ಮರುದಿನ ಬೆಳಿಗ್ಗೆ ನರ್ಸಮ್ಮ ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ದೊಡ್ಡಕ್ಕ ಶೆಡ್ಡಿಗೆ ಹೋದಳು. ಥಿನ್ನರ್ ಬಾಟಲಿ ತೆಗೆದುಕೊಂಡು ಸೀದಾ ನೀಲಿ ಕ್ಯಾನಿನ ಬಳಿ ನಿಂತಳು. ಕ್ಯಾನಿನ ಮೇಲೆ ಕಾರ್ಖಾನೆಯ ಒಂದು ದೊಡ್ಡ ಸ್ಟಿಕರ್ ಇತ್ತು, ನಗುವ ಪಾದದ ಚಿತ್ರ. ಅದರ ಅಂಚಿನಡಿ ಇನ್ನೊಂದು ಕಾಗದ ಇಣುಕುವುದನ್ನು ಹನ್ನೊಂದು ವರ್ಷ ನೋಡಿದ್ದಳು. ಏನೆಂದು ಯೋಚಿಸಿರಲಿಲ್ಲ. ಒಂದು ಮುಚ್ಚಳ ಥಿನ್ನರ್ ಅದರ ಮೇಲೆ ಹನಿಸಿ, ಉಗುರಿನಿಂದ ಮೀಟಿದಳು. ಅಂಟು ಬಿಟ್ಟಿತು. ನಗುವ ಪಾದ ಸುರುಳಿಯಾಗಿ ಎದ್ದು ಬಂತು.

ಕೆಳಗಿದ್ದವು ಚಿತ್ರಗಳು: ಗ್ಲೌಸು ಹಾಕಿದ ಕೈ, ಮಾಸ್ಕು ಕಟ್ಟಿದ ಮುಖ, ಸುತ್ತ ಮುಚ್ಚಿದ ಕನ್ನಡಕ ಹಾಕಿದ ಕಣ್ಣು. ಓದಲು ಬಾರದವರಿಗೂ ತಿಳಿಯುವಂತೆ ಬರೆದಿದ್ದರು. ಓದಲು ಬಲ್ಲವರಿಗೂ ಕಾಣದಂತೆ ಮುಚ್ಚಿದ್ದರು.

ಥಿನ್ನರು ಆ ಶೆಡ್ಡಿನಲ್ಲಿ ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಆಯ್ತಾಯ್ತು ಓಡಿ ಬಂದ. “ಏನಮ್ಮ ಇದು? ಕಂಪನಿ ಮಾಲು ಕಣಮ್ಮ, ಹಾಳು ಮಾಡ್ತಿದ್ದೀಯಾ!”

“ಈ ಕೈ ಯಾರದು ಸಾರ್? ಗ್ಲೌಸು ಹಾಕಿದೆಯಲ್ಲ, ಈ ಕೈ?”

“ಅದು ಹೊರದೇಶದವರಿಗೆ ಹಾಕೋ ಚಿತ್ರ. ಅವರ ಚರ್ಮ ಸೂಕ್ಷ್ಮ.”

“ನಮ್ಮದು?”

“ನೋಡು, ಕೈ ಕೆಸರಾದರೆ ಬಾಯಿ ಮೊಸರು ಅಂತ ದೊಡ್ಡೋರು…”

“ಕೆಸರಾದ ಕೈ ತೊಳೆದ್ರೆ ಹೋಗುತ್ತೆ ಸಾರ್. ಇದನ್ನ ತೊಳೆದುಕೊಡಿ!” ಎಂದು ದೊಡ್ಡಕ್ಕ ಸೆರಗು ತೆಗೆದಳು. ಶೆಡ್ಡಿನಲ್ಲಿ ಹಿಂಡುವ ಸದ್ದು ನಿಂತಿತು. “ಯಾರದೋ ಕಾಲು ನಾರಬಾರದು ಅಂತ ನನ್ನ ಮುಖ ಬೂದಿಯಾಯ್ತು. ಇನ್ನು ಮೂವತ್ತು ಜೊತೆ ಗ್ಲೌಸು ಕೊಡಿ. ಆ ಕೋಣೆಗೆ ಫ್ಯಾನು ಹಾಕಿಸಿ. ಮಾಸ್ಕು ಕೊಡಿ. ಕನ್ನಡಿ ವಾಪಸ್ ತಗಲಾಕಿ.”

“ಆಯ್ತಾಯ್ತು,” ಎಂದ ಅವನು.

ಮರುದಿನ ಬಂದ ಕ್ಯಾನುಗಳ ಮೇಲೆ ಯಾವ ಕಾಗದವೂ ಇರಲಿಲ್ಲ. ಎರಡನ್ನೂ ಕೆರೆದು ತೆಗೆದಿದ್ದರು. ಗ್ಲೌಸು ಎರಡು ಜೊತೆ ಬಂತು. ಮೂವತ್ತು ಹೆಂಗಸರಿಗೆ ಎರಡು ಜೊತೆ. ನಾಲ್ಕನೇ ದಿನಕ್ಕೆ ಅವೂ ತೂತು. “ಹೊರಗಿನವರು ಶೆಡ್ಡು ನೋಡೋಕೆ ಬರ್ತಾರೆ, ಎರಡು ದಿನ ಮನೇಲಿರು,” ಎಂದು ದೊಡ್ಡಕ್ಕನಿಗೆ ಹೇಳಿದರು. ಎರಡು ದಿನ ಮುಗಿಯಿತು. ಕರೆಯಲಿಲ್ಲ. ಎರಡು ತಿಂಗಳು ಮುಗಿಯಿತು. ಗೇಟಿನವನು ಅವಳ ಮುಖ ನೋಡದೆ, “ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ ಅಕ್ಕಾ,” ಎಂದ. ಕೈ ತೊಳೆಯುವುದನ್ನು ಅವಳು ಮೂವತ್ತು ಜನಕ್ಕೆ ಕಲಿಸಿದ್ದಳು. ಕೈ ತೊಳೆದುಕೊಳ್ಳುವುದನ್ನು ಕಾರ್ಖಾನೆ ಯಾರಿಂದಲೂ ಕಲಿಯಬೇಕಿರಲಿಲ್ಲ.

ತಂಗಿಯ ಹೆಬ್ಬೆರಳಿನದು ಬೆಳ್ಳಿಯೇ ಎಂದು ಆಸ್ಪತ್ರೆಯವರು ಹೇಳಿದರು. ಆ ಕೆಲಸ ಬಿಡುವುದೇ ಮದ್ದು ಎಂದರು. ಬಿಟ್ಟರೆ ಆ ಮನೆಯ ಒಲೆ ಮೇಸ್ತ್ರಿಯೊಬ್ಬನ ಕೈಯಲ್ಲಿ. ಅವಳು ಬಿಡಲಿಲ್ಲ. ಅಂಗಡಿಯಿಂದ ಗಟ್ಟಿ ರಬ್ಬರ್ ಗ್ಲೌಸು ಮೇಸ್ತ್ರಿಯೇ ತಂದ. ದಿನಾ ಬೆಳಿಗ್ಗೆ ಅದರಲ್ಲಿ ನೀರು ತುಂಬಿಸಿ, ಹಿಂಡಿ, ತೂತಿದೆಯೇ ನೋಡುವುದು ಅವನ ಕೆಲಸ. “ಭಾವ, ಸಾಕು ಬಿಡಿ, ನೆಂದು ಹೋಗುತ್ತೆ,” ಎಂದರೆ, “ಸುಮ್ನಿರಮ್ಮ, ಸೋರಿಕೆ ಹುಡುಕೋದು ನನ್ನ ಕಸುಬು,” ಎನ್ನುತ್ತಾನೆ.

ಗ್ಲೌಸಿನ ಅಂಚಿನಲ್ಲಿ ತಂಗಿಯ ಮುಂಗೈಗೆ ಕಂದು ಕಲೆ ಬೀಳುತ್ತದೆ. ಸಾದಾ ಸೋಪಿನಲ್ಲಿ ಹಗುರಾಗಿ ತೊಳೆದು, ಉಳಿದ ಕಲೆಯನ್ನು ಹಾಗೇ ಬಿಡುತ್ತಾಳೆ. ಮೇಲಿನ ಕಲೆ ದಿನ ಕಳೆದಂತೆ ಚರ್ಮದ ಜೊತೆ ತಾನೇ ಉದುರುತ್ತದೆ. ಮನೆಗೆ ಬಂದು ಎಣ್ಣೆ ಹಚ್ಚುತ್ತಾಳೆ. ನಲ್ಲಿಯ ಸಾಲಿನವರು ಅವಳನ್ನು ಕಂಡು ಮೂಗು ಮುರಿಯುತ್ತಾರೆ.

“ಬಂದಳು ನೋಡ್ರೇ ಕೊಳಕಿ! ದೊಡ್ಡಕ್ಕನ ತಂಗಿಯಾಗಿ ಕೈ ತೊಳೆಯೋಕೆ ಬರಲ್ಲ ಇವಳಿಗೆ!”

ದೊಡ್ಡಕ್ಕ ಈಗಲೂ ಸಂಜೆ ಐದಕ್ಕೆ ಗೇಟಿನ ಹೊರಗೆ ನಿಲ್ಲುತ್ತಾಳೆ. ಸೆರಗು ಎಳೆದುಕೊಳ್ಳುವುದಿಲ್ಲ. ಹೊರಬರುವವರ ಮುಂದೆ ಮುಖ ಒಡ್ಡಿ ಹೇಳುತ್ತಾಳೆ: “ನಾನು ಕಲಿಸಿದ್ದು ತಪ್ಪು ಕಣ್ರಮ್ಮ. ಬಿಡ್ರೇ ಅದನ್ನ.”

ಐದು ಜನ ಬಿಟ್ಟಿದ್ದಾರೆ. ಉಳಿದವರು ಕಣ್ಣು ತಪ್ಪಿಸಿ ಬಸ್ಸಿನ ಕಡೆ ನಡೆಯುತ್ತಾರೆ. ಕಲಿಸಿದ್ದನ್ನು ಮರೆಸುವುದು ಕಲಿಸುವುದಕ್ಕಿಂತ ಕಷ್ಟ. ಕಳೆದ ವಾರ ಹೊಸದಾಗಿ ಸೇರಿದ ಹೆಂಗಸೊಬ್ಬಳು ಅವಳ ಮುಂದೆ ನಿಂತು, ತನ್ನ ಬೆಳ್ಳನೆಯ ಕೈ ತೋರಿಸಿ, ಮರ್ಯಾದೆಯಿಂದಲೇ ಕೇಳಿದಳು:

“ದೊಡ್ಡಕ್ಕನ ತೊಳೆತ ಅಂತಾರಲ್ಲ, ಆ ದೊಡ್ಡಕ್ಕ ಯಾರು ಗೊತ್ತಾ ನಿಮಗೆ?”

ಓದುತ್ತಿರುವ ಅಕ್ಕಾ, ಕೇಳುತ್ತಿರುವ ತಮ್ಮಾ, ನೀವು ಬೆಳ್ಳಿ ನೀರಿನಲ್ಲಿ ಅದ್ದುವವರಲ್ಲದಿರಬಹುದು. ಪೇಂಟು ಹೊಡೆಯುವವರೋ, ಲೋಹದ ಪುಡಿ ತೂಗುವವರೋ, ಹೆಸರು ಗೊತ್ತಿಲ್ಲದ ಕ್ಯಾನಿನಿಂದ ಸಿಂಪಡಿಸುವವರೋ ಆಗಿರಬಹುದು. ಇವತ್ತು ಮನೆಗೆ ಹೋದ ಮೇಲೆ ಹಗಲ ಬೆಳಕಿನಲ್ಲಿ ನಿಮ್ಮ ಹೆಬ್ಬೆರಳ ಉಗುರಿನ ಬುಡ ನೋಡಿಕೊಳ್ಳಿ. ಬೂದಿ ಬಣ್ಣ ಕಂಡರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಹೋಗಿ, ಮಾಡುವ ಕೆಲಸ ಏನೆಂದು ಡಾಕ್ಟರಿಗೆ ನೀವೇ ಹೇಳಿ. ಅವರಾಗಿಯೇ ಅದನ್ನು ಕೇಳುವುದಿಲ್ಲ. ಥಿನ್ನರ್, ಪೆಟ್ರೋಲು, ಸೀಮೆಎಣ್ಣೆಯಲ್ಲಿ ಕೈ ತೊಳೆಯಬೇಡಿ. ಬಿರಿದ ಕೈಯನ್ನು ತೊಟ್ಟಿಗೆ ಇಳಿಸಬೇಡಿ. ಮಂಜು ಏಳುವ ಕಡೆ ಮಾಸ್ಕು ಇಲ್ಲದೆ ನಿಲ್ಲಬೇಡಿ. ಗ್ಲೌಸನ್ನೂ ಮಾಸ್ಕನ್ನೂ ಕೇಳಿ. ಒಬ್ಬರೇ ಕೇಳಿದರೆ ಆಯ್ತಾಯ್ತು ಎನ್ನುತ್ತಾರೆ, ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ದೊಡ್ಡಕ್ಕ ಒಬ್ಬಳೇ ಕೇಳಿದಳು, ಇಪ್ಪತ್ತೆಂಟು ಜನ ತೊಟ್ಟಿಯ ಮುಂದೆ ಸುಮ್ಮನೆ ನಿಂತಿದ್ದರು. ಮೂವತ್ತೂ ಜನ ಕೇಳಿ. ಮೂವತ್ತು ಹೆಸರು ತೆಗೆದರೆ ಕಾಲ್ಚೀಲ ಅದ್ದುವವರು ಯಾರು?

ಕ್ಯಾನಿನ ಮೇಲೆ ಎರಡು ಕಾಗದವಿದ್ದರೆ ಕೆಳಗಿನದನ್ನು ಓದಿ.

ಮತ್ತು ನಿಮ್ಮ ಕೈಯಲ್ಲಿ ಒಂದಿಷ್ಟು ಜಿಡ್ಡು ಉಳಿದಿರಲಿ. ಅದನ್ನು ಕೊಳಕು ಎಂದವರಿಗೆ ದೊಡ್ಡಕ್ಕನ ಮುಖ ತೋರಿಸಿ. ಅವಳು ಐದು ಗಂಟೆಗೆ ಗೇಟಿನಲ್ಲೇ ಇರುತ್ತಾಳೆ.